ಬೋರ್ ಮೋಟಾರ್ ಸುತ್ತುವ ಕೈಯಲ್ಲಿ ಬಾಸ್ ಗಿಟಾರ್ ಪಿಕಪ್ ಸುತ್ತಿದೆ: ನನ್ನ ಅನುಭವ

"ಬಾಸ್ ದನಿ ಇರೋದು ಮರದಾಗ ಕಣಪ್ಪ. ನೀನು ತಂತಿ ಸುತ್ತಿ ಏನು ಮಾಡ್ತಿ?"

ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ಅಣ್ಣ ಎರಡು ವರ್ಷ ಇದೇ ಮಾತು ಹೇಳಿದರು. ನಾನು ನುಡಿಸೋದು ಬಾಸ್ ಗಿಟಾರ್; ಅದರ ತಂತಿಯ ಅಲುಗಾಟವನ್ನು ಕರೆಂಟಾಗಿ ಮಾಡಿ ಸ್ಪೀಕರ್ ಕಡೆ ಕಳಿಸೋ ತುಂಡೇ ಪಿಕಪ್. ಕಳೆದ ಗಣೇಶ ಹಬ್ಬಕ್ಕೆ ಸಿರುಗುಪ್ಪ ಕಡೆ ರಸಮಂಜರಿ ಇತ್ತು. ಸ್ಟೇಜ್ ಹಿಂದೆ ಜನರೇಟರ್, ನನ್ನ ಬೆನ್ನಿಗೆ ಎಲ್‌ಇಡಿ ಪರದೆ, ಅರ್ಥಿಂಗ್ ಅನ್ನೋದು ದೇವರಿಗೇ ಗೊತ್ತು. ಬಾಸ್ ಗುಂಯ್ ಅನ್ನೋಕೆ ಇಷ್ಟು ಸಾಕು. ಮೊದಲ ಹಾಡು ಮುಗಿಯಿತು. ಅಣ್ಣ ತಿರುಗಿ ನನ್ನ ಬಾಸ್ ನೋಡಿ, "ಇದು ನೀನೇ ಸುತ್ತಿದ್ದಾ?" ಅಂದರು. ಹೌದು, ನಾನೇ ಸುತ್ತಿದ್ದು. ಅದು ಹೇಗಾಯಿತು ಅಂತ ಬರೆಯುತ್ತಿದ್ದೇನೆ.

ನನ್ನದು ಬಳ್ಳಾರಿಯಲ್ಲಿ ಮೋಟಾರ್ ರಿವೈಂಡಿಂಗ್ ಕೆಲಸ. ಭತ್ತದ ಗದ್ದೆಗಳ ಪಂಪ್‌ಸೆಟ್ ಸುಟ್ಟರೆ ನಮ್ಮಂಥವರ ಹತ್ತಿರ ಬರುತ್ತದೆ. ಬಾಸ್ ನುಡಿಸೋದು ಹದಿನೈದು ವರ್ಷದ ಹುಚ್ಚು. ನನ್ನ ಬಾಸ್ ಸೆಕೆಂಡ್ ಹ್ಯಾಂಡ್, ಒಂಬತ್ತು ಸಾವಿರಕ್ಕೆ ತಗೊಂಡಿದ್ದು, ಫೆಂಡರ್ ಕಂಪನಿಯ ಪ್ರಿಸಿಶನ್ ಬಾಸ್ ಮಾದರಿಯದ್ದು. ನೆಕ್ (ಬೆರಳು ಒತ್ತೋ ಉದ್ದ ಹಿಡಿ) ಚೆನ್ನಾಗಿತ್ತು, ಪಿಕಪ್ ಮಾತ್ರ ಸತ್ತ ದನಿ. ಒಳ್ಳೆ ಫಾರಿನ್ ಪಿಕಪ್ ಕೇಳಿದರೆ ಹದಿನಾಲ್ಕು ಸಾವಿರ ಅಂದರು. ಬಾಸ್‌ಗಿಂತ ಪಿಕಪ್ ದುಬಾರಿ! ಒಳಗೆ ಇರೋದು ಆಯಸ್ಕಾಂತ, ತಾಮ್ರದ ತಂತಿ. ದಿನಾ ಅದರಲ್ಲೇ ಬದುಕೋನು ನಾನು. ಯಾಕಾಗಲ್ಲ ಅಂತ ಕೂತೆ.

ಮೊದಲ ಏಟು ತಂತಿಯಲ್ಲೇ ಬಿತ್ತು. ಎಲ್ಲ ಕಡೆ ಬಾಸ್ ಪಿಕಪ್‌ಗೆ 42 ನಂಬರ್ ತಂತಿ ಅಂತಿತ್ತು. ಬೆಂಗಳೂರಿನ ಎಸ್‌ಪಿ ರೋಡಿಂದ 42 ತರಿಸಿದೆ, ಅರ್ಧ ಕೆಜಿ. ಸುತ್ತಿದೆ. ನಾಲ್ಕು ಸಾವಿರ ಸುತ್ತಿಗೇ ಬಾಬಿನ್ (ತಂತಿ ಸುತ್ತೋ ಚೌಕಟ್ಟು) ತುಂಬಿ ಉಬ್ಬಿಹೋಯಿತು. ಈ ಪಿಕಪ್‌ಗೆ ಎರಡು ಕಾಯಿಲ್, ಅಂದರೆ ಸುತ್ತಿದ ಸುರುಳಿ; ಎರಡೂ ಸೇರಿ ಮೀಟರಲ್ಲಿ ಬಂದ ತಂತಿಯ ರೋಧ ಒಂದೂವರೆ ಕೆ ಓಮ್ ಅಷ್ಟೇ. ಬರಬೇಕಾಗಿದ್ದು ಹತ್ತು ಹನ್ನೊಂದು ಕೆ. ಹಾಕಿ ನುಡಿಸಿದರೆ ಫೋನ್ ಸ್ಪೀಕರ್ ಥರ ಕೀಚಲು, ಸೌಂಡೂ ಇಲ್ಲ. ಮೂರು ದಿನ ತಲೆ ಕೆರೆದುಕೊಂಡೆ. ಅವರು ಹೇಳೋ 42 ಅಮೆರಿಕದ ಗೇಜ್, ಅಂದರೆ 0.063 ಮಿಮೀ. ನಮ್ಮ ಅಂಗಡಿಗಳಲ್ಲಿ ಕೊಡೋದು ಬ್ರಿಟಿಷ್ ಗೇಜ್, ಎಸ್‌ಡಬ್ಲ್ಯುಜಿ. ಅದರ 42 ಅಂದರೆ 0.1 ಮಿಮೀ, ಎಷ್ಟೋ ದಪ್ಪ. ನಮಗೆ ಬೇಕಾಗಿದ್ದು ಎಸ್‌ಡಬ್ಲ್ಯುಜಿ 46. ಇಷ್ಟು ವರ್ಷ ಗೇಜ್ ನೋಡಿ ತಂತಿ ಕೊಳ್ಳೋ ನನಗೇ ಇದು ಹೊಳೆಯಲಿಲ್ಲ. ನೀವು ಆರ್ಡರ್ ಮಾಡುವಾಗ ನಂಬರ್ ಹೇಳಬೇಡಿ, ಮಿಲಿಮೀಟರ್ ಹೇಳಿ.

46ರ ತಂತಿ ಕೂದಲಿಗಿಂತ ಸಣ್ಣ. ಮೋಟಾರ್ ತಂತಿ ಎಳೆದು ಅಭ್ಯಾಸ ಇರೋ ಕೈಗೆ ಅದು ಸಿಕ್ಕಿದ್ದೇ ತಿಳಿಯಲ್ಲ. ನನ್ನ ಸುತ್ತುವ ಮಷಿನ್ ಬಿರುಸು, ಮುಟ್ಟಿದರೆ ಪಟ್ ಅಂತ ಕಡಿಯುತ್ತಿತ್ತು. ಆಗ ಕೌಲ್ ಬಜಾರಿನಲ್ಲಿ ಒಂದು ಹಳೇ ಹೊಲಿಗೆ ಮಷಿನ್ ಮೋಟಾರ್ ಸಿಕ್ಕಿತು, ಕಾಲಲ್ಲಿ ಒತ್ತುವ ಪೆಡಲ್ ಸಮೇತ, ಏಳುನೂರು ರೂಪಾಯಿಗೆ. ಜೀನ್ಸ್ ಹೊಲಿಯೋ ಊರಲ್ಲಿ ಇಂಥದ್ದಕ್ಕೇನು ಕೊರತೆ? ಪೆಡಲ್ ಮೆಲ್ಲಗೆ ಒತ್ತಿದರೆ ಮೆಲ್ಲಗೆ ಓಡುತ್ತದೆ. ಎರಡೂ ಕೈ ತಂತಿಗೆ ಬಿಡುವು.

ಸುತ್ತು ಎಣಿಸಲು ಹಳೇ ಕ್ಯಾಲ್ಕುಲೇಟರ್ ಬಿಚ್ಚಿದೆ. ಸಮ ಚಿಹ್ನೆಯ ಗುಂಡಿಗೆ ಆಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳೋ ಒಂದು ರೀಡ್ ಸ್ವಿಚ್ ಬೆಸುಗೆ ಹಾಕಿ, ತಿರುಗೋ ಚಕ್ರಕ್ಕೆ ಚಿಕ್ಕ ಆಯಸ್ಕಾಂತ ಅಂಟಿಸಿದೆ. ಒಂದು ಕೂಡಿಸು ಒಂದು ಅಂತ ಒತ್ತಿ ಶುರು ಮಾಡಿದರೆ ಪ್ರತಿ ಸುತ್ತಿಗೂ ಲೆಕ್ಕ ಒಂದೊಂದು ಏರುತ್ತದೆ. ನೋಡೋಕೇ ಖುಷಿ. ಆದರೆ ಜೋರಾಗಿ ಓಡಿಸಿದರೆ ಕ್ಯಾಲ್ಕುಲೇಟರ್ ಹಿಂದೆ ಬೀಳುತ್ತದೆ. ಅದು ಒಂಬತ್ತು ಸಾವಿರ ತೋರಿಸುವಾಗ ನಿಜವಾಗಿ ಸುತ್ತಿದ್ದು ಹನ್ನೆರಡರ ಹತ್ತಿರ ಇರಬೇಕು. ಆ ಪಿಕಪ್ ದನಿ ಗಟ್ಟಿ, ಆದರೆ ಕಂಬಳಿ ಹೊದ್ದಂಗೆ. ಸುತ್ತು ಜಾಸ್ತಿಯಾದಷ್ಟೂ ಸೌಂಡ್ ಏರುತ್ತದೆ, ಮೇಲಿನ ಹೊಳಪು ಸಾಯುತ್ತದೆ. ಅದು ಕಿವಿಗೆ ಗೊತ್ತಾಗಿದ್ದು ಆ ತಪ್ಪಿಂದಲೇ. ಈಗ ಒಂದೊಂದು ಕಾಯಿಲ್‌ಗೆ ಹತ್ತು ಸಾವಿರಕ್ಕಿಂತ ಸ್ವಲ್ಪ ಕಮ್ಮಿ ಸುತ್ತುತ್ತೇನೆ, ನಿಧಾನವಾಗಿ, ಸುಮಾರು ಅರ್ಧ ಗಂಟೆ. ತಂತಿಯನ್ನು ಎಷ್ಟು ಬಿಗಿ ಹಿಡಿಯಬೇಕು, ಬಾಬಿನ್ ಮೇಲೆ ಹೇಗೆ ಚೆಲ್ಲಬೇಕು ಅನ್ನೋದು ನನ್ನ ಕೈಗುಟ್ಟು. ಅದು ಸದ್ಯ ನನ್ನಲ್ಲೇ ಇರಲಿ.

ಬಾಬಿನ್ ಪಟ್ಟಿಗೆ ಅಂಗಡಿಯ ಹೈಲಂ ಶೀಟೇ (ಕರೆಂಟ್ ಹಾಯದ ಗಟ್ಟಿ ಹಾಳೆ) ಸಾಕಾಯಿತು. ಆಯಸ್ಕಾಂತಕ್ಕೆ ಮೊದಲು ನಿಯೋಡಿಮಿಯಂ ಹಾಕಿದೆ, ಅಗ್ಗ, ಬಲವೂ ಜೋರು. ಅದೇ ತಪ್ಪಾಯಿತು. ನುಡಿಸೋ ತಂತಿಯನ್ನೇ ಎಳೆದು ಹಿಡಿಯುತ್ತದೆ, ಹನ್ನೆರಡನೇ ಫ್ರೆಟ್ (ನೆಕ್ ಮೇಲಿನ ಅಡ್ಡಪಟ್ಟಿ) ಮೇಲೆ ಸ್ವರ ತೂರಾಡುತ್ತದೆ. ಆಮೇಲೆ ಅಷ್ಟು ಬಿರುಸಲ್ಲದ ಆಲ್ನಿಕೋ 5 ಅನ್ನೋ ಆಯಸ್ಕಾಂತದ ಕಡ್ಡಿ ತರಿಸಿದೆ, ಎಂಟು ತುಂಡು, ಒಂದು ತಂತಿಗೆ ಎರಡು.

ಇನ್ನು ಗುಂಯ್ ಸದ್ದು. ಪ್ರಿಸಿಶನ್ ಬಾಸ್‌ಗೆ 1957ರಲ್ಲಿ ಫೆಂಡರ್‌ನವರು ಎರಡು ತುಂಡಾಗಿ ಒಡೆದ ಪಿಕಪ್ ಹಾಕಿದರಲ್ವಾ, ಒಂದು ಕಾಯಿಲ್ ಹಿಡಿದ ಹಮ್ಮನ್ನು (ಅದೇ ಗುಂಯ್ ಸದ್ದನ್ನು) ಇನ್ನೊಂದು ಕೊಲ್ಲುತ್ತದೆ. ನನ್ನದರಲ್ಲಿ ಹಮ್ ಸಾಯೋ ಬದಲು ಡಬ್ಬಲ್ ಆಯಿತು! ನುಡಿಸಿದರೆ ದನಿ ಸರಿಯಾಗೇ ಇದೆ, ಕೈ ಬಿಟ್ಟರೆ ಗುಂಯ್. ಇ ತಂತಿಯ ಮೂರನೇ ಫ್ರೆಟ್‌ನಲ್ಲಿ ಬರೋ ಜಿ ಸ್ವರ 49 ಹರ್ಟ್ಝ್, ನಮ್ಮ ಕರೆಂಟ್ 50. ಆ ಜಿ ಹಿಡಿದು ನಿಲ್ಲಿಸಿದರೆ ಸೆಕೆಂಡಿಗೊಂದು ಸಲ ದನಿ ಉಬ್ಬಿ ಇಳಿಯುತ್ತದೆ. ಒಂದು ಮದುವೆಯಲ್ಲಿ ಇಡೀ ಹಾಡು ಹಾಗೇ ಹೋಯಿತು. ಎರಡು ಕಾಯಿಲ್ ಜೋಡಿಸಿದ ದಿಕ್ಕು ತಪ್ಪಿತ್ತು. ಒಂದು ಕಾಯಿಲ್‌ನ ಎರಡು ತುದಿ ಅದಲುಬದಲು ಮಾಡಿದೆ, ಹಮ್ ನಿಂತಿತು. ಆಮೇಲೆ ಅದೇ ಕಾಯಿಲ್‌ನ ಆಯಸ್ಕಾಂತಗಳನ್ನೂ ತಲೆಕೆಳಗೆ ಮಾಡಿ ಕೂರಿಸಿದೆ, ಎರಡೂ ಕಾಯಿಲ್ ದನಿ ಮತ್ತೆ ಒಂದೇ ದಿಕ್ಕಿಗೆ ಬರಲಿ ಅಂತ. ಈಗ ಫಿಟ್ ಮಾಡೋ ಮುಂಚೆ ಹಳೇ ಮುಳ್ಳಿನ ಮೀಟರ್ ಹಚ್ಚಿ, ಆಯಸ್ಕಾಂತದ ತಲೆಗೆ ಸ್ಕ್ರೂಡ್ರೈವರ್ ಇಟ್ಟು ಸರಕ್ಕನೆ ತೆಗೆದು, ಮುಳ್ಳು ಯಾವ ಕಡೆ ಜಿಗಿಯುತ್ತದೆ ನೋಡುತ್ತೇನೆ. ಡಿಜಿಟಲ್ ಮೀಟರಲ್ಲಿ ಇದು ಇಷ್ಟು ಸಲೀಸಾಗಿ ಕಾಣಲ್ಲ.

ಹೊರಗಿನ ಹಮ್ ತಡೆಯಲು ಬಾಡಿಯಲ್ಲಿ ಪಿಕಪ್ ಕೂರೋ ಕುಳಿಗೆ ಮೊದಲು ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಅಂಟಿಸಿದ್ದೆ. ಅದಕ್ಕೆ ಬೆಸುಗೆ ಹಿಡಿಯಲ್ಲ. ತಾಮ್ರದ ಟೇಪೇ ಬೇಕು, ಮುನ್ನೂರು ರೂಪಾಯಿ ಚಿಲ್ಲರೆ.

ಮೇಣದ್ದು ಇನ್ನೊಂದು ಕಥೆ. ಮೇಣ ಕುಡಿಸದಿದ್ದರೆ ಸೌಂಡ್ ಜಾಸ್ತಿಯಾದಾಗ ಪಿಕಪ್ಪೇ ಕೂಗುತ್ತದೆ. ಮೇಣದಬತ್ತಿ ಕರಗಿಸಿ ಅದ್ದಿದೆ, ಚೆನ್ನಾಗೇ ಇತ್ತು. ಏಪ್ರಿಲ್‌ನಲ್ಲಿ ಬಾಸನ್ನು ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನ ಬಿಟ್ಟೆ. ಬಳ್ಳಾರಿ ಬಿಸಿಲು ಗೊತ್ತಲ್ಲ. ಸಂಜೆ ನೋಡಿದರೆ ಪಿಕಪ್ ಕವರಿನ ಅಂಚಿಂದ ಮೇಣ ಕಣ್ಣೀರಿನ ಹಾಗೆ ಇಳಿದು ಬಾಡಿ ಮೇಲೆ ಹೆಪ್ಪುಗಟ್ಟಿತ್ತು. ಈಗ ಎರಡು ಥರದ ಮೇಣ ಬೆರೆಸುತ್ತೇನೆ. ಯಾವುದು, ಎಷ್ಟು ಅಂತ ಇಲ್ಲಿ ಹೇಳಲ್ಲ. ಈ ಬೇಸಿಗೆ ಒಂದು ಹನಿ ಇಳಿದಿಲ್ಲ.

ಕೀಬೋರ್ಡ್ ಅಣ್ಣನ ಮರದ ಮಾತನ್ನೂ ಬಿಡಲಿಲ್ಲ. ಕೆಡವಿದ ಮನೆಯ ಸಾಗವಾನಿ ಚೌಕಟ್ಟಿಂದ ಒಂದು ಬಾಡಿ ಮಾಡಿಸಿದೆ. ಇನ್ನೊಂದನ್ನು ಕೊಪ್ಪಳದ ಕಡೆಯ ಬಡಿಗೇರ ಕಾಕಾ ಹತ್ತಿರ ಕೆತ್ತಿಸಿದೆ, ಕಿನ್ನಾಳದ ಗೊಂಬೆ ಮಾಡ್ತಾರಲ್ಲ, ಅಂಥ ಹಗುರ ಮರದ್ದು. ಮರಕ್ಕೂ ಕೂಲಿಗೂ ಸೇರಿ ನಾಲ್ಕು ಸಾವಿರ ಹೋಯಿತು. ಅದೇ ನೆಕ್, ಅದೇ ಪಿಕಪ್, ಅದೇ ಬ್ರಿಡ್ಜ್ (ಬಾಡಿ ಮೇಲೆ ತಂತಿ ಕಟ್ಟೋ ತುಂಡು) ಬಿಚ್ಚಿ ಬಿಚ್ಚಿ ಹಾಕಿ ಮೂರೂ ಬಾಡಿಯಲ್ಲಿ ಒಂದೇ ಸಾಲು ನುಡಿಸಿ ರೆಕಾರ್ಡ್ ಮಾಡಿದೆ. ಅಣ್ಣನಿಗೇ ಕೇಳಿಸಿದೆ. ಯಾವುದು ಯಾವ ಮರ ಅಂತ ಅವರಿಗೆ ಹೇಳೋಕಾಗಲಿಲ್ಲ. ನನಗೂ ಸಾಗವಾನಿಯಲ್ಲಿ ಸ್ವರ ಕೊಂಚ ಜಾಸ್ತಿ ನಿಲ್ಲುತ್ತೆ ಅನ್ನಿಸಿತು ಅಷ್ಟೇ. ಆದರೆ ಅದು ಐದು ಕೆಜಿ, ಮೂರು ಗಂಟೆ ಪ್ರೋಗ್ರಾಮಿಗೆ ಹೆಗಲು ಹೋಗುತ್ತದೆ. ಗೊಂಬೆ ಮರದ್ದು ತೀರಾ ಹಗುರ, ಕೈ ಬಿಟ್ಟರೆ ನೆಕ್ ನೆಲಕ್ಕೆ ಬಾಗುತ್ತದೆ, ಸ್ಕ್ರೂನೂ ಹಿಡಿಯಲ್ಲ.

ಮರದ ಆಟ ನನಗೆ ಕಂಡಿದ್ದು ನೆಕ್‌ನಲ್ಲಿ. ಜಿ ತಂತಿಯ ಐದು ಆರನೇ ಫ್ರೆಟ್‌ನಲ್ಲಿ ಸ್ವರ ಬೇಗ ಸಾಯುತ್ತದಲ್ಲ, ಅದು ಮೂರೂ ಬಾಡಿಯಲ್ಲಿ ಅದೇ ಜಾಗದಲ್ಲಿತ್ತು. ನೆಕ್ ತುದಿಗೆ ಬಡಿಗೇರ ಕಾಕಾನ ಸಿ ಕ್ಲಾಂಪ್ ಬಿಗಿದು ನೋಡಿದೆ. ಸತ್ತ ಸ್ವರ ಎದ್ದು ಕೂತಿತು! ಸಾಯೋ ಜಾಗ ಕೆಳಗೆ ಸರಿದಿತ್ತು. ಕ್ಲಾಂಪ್ ಹಾಕಿಕೊಂಡು ಸ್ಟೇಜ್ ಹತ್ತೋಕಾಗಲ್ಲ, ಅದಕ್ಕೆ ತುದಿಯ ಹಿಂದೆ ಹಿತ್ತಾಳೆ ತಗಡು ಕೂರಿಸಿದ್ದೇನೆ.

ಗೊಂಬೆ ಮರದ ಬಾಡಿ ದಂಡ ಆಗಲಿಲ್ಲ. ಅದರಲ್ಲಿ ಉದ್ದಕ್ಕೂ ಕಾಲುವೆ ತೋಡಿ ಪಿಕಪ್ಪನ್ನು ಹಿಂದೆ ಮುಂದೆ ಸರಿಸಿ ಒಂದು ಭಾನುವಾರ ಪೂರ್ತಿ ಕೇಳಿದೆ. ಮಾಮೂಲಿ ಜಾಗ ಬ್ರಿಡ್ಜಿಂದ ಆರಿಂಚಿನ ಹತ್ತಿರ. ಒಂದೇ ಇಂಚು ಬ್ರಿಡ್ಜ್ ಕಡೆ ಸರಿಸಿದರೆ ಹೊಟ್ಟೆಯ ದನಿ ಹೋಗಿ ಮೂಗಿನ ದನಿ ಬರುತ್ತದೆ. ಮೂರು ಮರ ಮಾಡದ ವ್ಯತ್ಯಾಸವನ್ನು ಆ ಒಂದು ಇಂಚು ಮಾಡಿತು.

ವೈರಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ರೇಡಿಯೋ ಅಂಗಡಿಯ 100 ಕೆ ಪಾಟ್ (ಸೌಂಡ್ ಏರಿಸಿ ಇಳಿಸೋ ತಿರುಗುಗುಂಡಿ) ಹಾಕಿ ದನಿ ಮಂಕಾಯಿತು, 500 ಹಾಕಿ ಬೆರಳಿನ ಉಜ್ಜಾಟವೆಲ್ಲ ಕೇಳಿಸಿತು. 250ಕ್ಕೇ ಬಂದು ನಿಂತೆ. ಟೋನ್ ಕೆಪಾಸಿಟರ್ 47 ನ್ಯಾನೋ, ಐದು ರೂಪಾಯಿಯದ್ದು. ಇನ್ನೂರು ರೂಪಾಯಿಯದ್ದಕ್ಕೂ ಅದಕ್ಕೂ ನನ್ನ ಕಿವಿಗೆ ಫರಕ್ ಇಲ್ಲ. ಕೇಬಲ್ ಮಾತ್ರ ನೋಡಿ. ಹತ್ತು ಮೀಟರ್ ಅಗ್ಗದ ಕೇಬಲ್ ಹಾಕಿದರೆ ನೀವು ಕಷ್ಟಪಟ್ಟು ಉಳಿಸಿದ ಹೊಳಪೆಲ್ಲ ಅಲ್ಲೇ ಸೋರಿಹೋಗುತ್ತದೆ. ನಾನು ಮೂರು ಮೀಟರ್ ಮೇಲೆ ಹೋಗಲ್ಲ.

ಎಲ್ಲ ಸೇರಿ ಖರ್ಚು ಹನ್ನೊಂದು ಸಾವಿರ ಇರಬಹುದು, ಹಾಳಾದ ತಂತಿ, ಕಡಿದ ಕಾಯಿಲ್, ಎರಡು ಬಾಡಿ ಎಲ್ಲ ಲೆಕ್ಕ ಹಿಡಿದು. ಈಗ ಒಂದು ಪಿಕಪ್‌ಗೆ ಸಾಮಾನಿನ ಖರ್ಚು ಒಂಬೈನೂರು ಬೀಳುತ್ತದೆ. ರಾಯಚೂರಿನ ಒಬ್ಬರಿಗೆ, ಗಂಗಾವತಿಯ ಚರ್ಚ್ ಬ್ಯಾಂಡಿನ ಹುಡುಗನಿಗೆ ಸುತ್ತಿಕೊಟ್ಟಿದ್ದೇನೆ. ಮೂರನೆಯದು ಕೀಬೋರ್ಡ್ ಅಣ್ಣನ ಮಗನ ಬಾಸ್‌ಗೆ. ಅದು ಜಾಝ್ ಮಾದರಿ, ಎರಡು ಪಿಕಪ್. ಒಂದು ಮುಗಿದಿದೆ, ಮೀಟರಲ್ಲಿ ಏಳೂವರೆ ಕೆ ಓಮ್ ಬಂದಿದೆ. ಹಮ್ ಸಾಯಲಿ ಅಂತ ಇನ್ನೊಂದನ್ನು ಉಲ್ಟಾ ಸುತ್ತಬೇಕು, ಈ ಭಾನುವಾರ ಕೂರುತ್ತೇನೆ.