ಮಳೆ ಪುಸ್ತಕದಲ್ಲಿ ನಿದ್ದೆಯ ಲೆಕ್ಕ

ನನಗೆ ಬೈಪೋಲಾರ್ ಇದೆ, ಮನಸ್ಸು ಒಮ್ಮೆ ಅತಿಯಾಗಿ ಏರಿ ಒಮ್ಮೆ ಕುಸಿಯುವ ಕಾಯಿಲೆ. ಅದಿರುವವರಿಗೆ ಮೂಡ್ ಚಾರ್ಟ್, ಅಂದರೆ ದಿನದಿನದ ಮನಸ್ಥಿತಿಯ ದಾಖಲೆ, ಏನೆಂದು ಹೇಳಬೇಕಿಲ್ಲ. ಹತ್ತು ಕಾಲಂ ಎಳೆದ ನೋಟ್‌ಬುಕ್ ನನ್ನಲ್ಲಿ ಮೂರು ವಾರ ನಡೆಯಿತು, ಮೊಬೈಲ್ ಆ್ಯಪ್ ಅಷ್ಟೂ ಇಲ್ಲ. ಕೊನೆಗೆ ಉಳಿದದ್ದು ನಮ್ಮ ಕಾಫಿ ತೋಟದ ಮಳೆ ಪುಸ್ತಕ. ಬೆಳಿಗ್ಗೆ ಎಂಟಕ್ಕೆ ಬಿದ್ದ ಮಳೆಯ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಬರೆಯುವ ಸಾಲಿನಲ್ಲೇ ಇನ್ನೆರಡು ಅಂಕಿ: ನಿದ್ದೆಯ ಗಂಟೆ, ಮೈನಸ್ 3ರಿಂದ ಪ್ಲಸ್ 3ರೊಳಗೆ ಮೂಡು. "ಮಳೆ ಪುಸ್ತಕದಲ್ಲಿ ತಲೆಕೆಟ್ಟ ಲೆಕ್ಕವಾ" ಎಂದು ನಕ್ಕವರು ಈಗ ಸುಮ್ಮನಿದ್ದಾರೆ. ಆಸ್ಪತ್ರೆ ಸೇರದೆ ಐದು ಮಳೆಗಾಲ ಕಳೆಯಿತು.

ಎರಡರಲ್ಲಿ ನಾನು ನಂಬುವುದು ನಿದ್ದೆಯ ಅಂಕಿಯನ್ನೇ. ಕೊಯ್ಲಿನ ಸಮಯದಲ್ಲಿ ನಾಲ್ಕು ಗಂಟೆ ಮಲಗಿ ಸುಸ್ತಾದರೆ ಸರಿ. ಎರಡು ರಾತ್ರಿ ಅಷ್ಟೇ ಮಲಗಿಯೂ ಸುಸ್ತೇ ಇಲ್ಲವೆಂದರೆ ಡಾಕ್ಟರಿಗೆ ಫೋನ್. ಆಗ ಕಾಯಿಲೆ ಎಂದು ಅನ್ನಿಸುವುದೇ ಇಲ್ಲ. ಹೂಮಳೆಯಾಗಿ ಎಂಟೊಂಬತ್ತು ದಿನಕ್ಕೆ ತೋಟ ಅರಳಿದ ಹಾಗೆ ತಲೆಯಲ್ಲಿ ಎಲ್ಲವೂ ಒಟ್ಟಿಗೆ. ಪುಸ್ತಕದಲ್ಲಿ ಅಂಕಿಗಳು ದಪ್ಪಗಾಗಿ ಪಕ್ಕದ ಕಾಲಂಗೆ ನುಗ್ಗಿರುತ್ತವೆ. ಮೂಡು ಇಳಿದಾಗ ಅಳುವೂ ಬಾರದು, ಅಂಗಳ ದಾಟಿ ಮಳೆಮಾಪಕದವರೆಗೆ ಹೋಗಲಾಗದಷ್ಟು ಭಾರ. ಜುಲೈಯಲ್ಲಿ ಮೂರು ಸಾಲು ಖಾಲಿ ಬಿದ್ದರೆ ಫೋನ್ ಮಾಡುವುದು ಮನೆಯವರು.

ದುಡ್ಡು ಹೋದದ್ದೆಲ್ಲ ಮೂಡು ಏರಿದಾಗ. ಬೇಡದ ಸ್ಪ್ರಿಂಕ್ಲರ್ ಸೆಟ್, ಮೆಣಸಿನ ಬಳ್ಳಿ ಎಂದು ಒಂದೇ ಸೀಸನ್ನಿನಲ್ಲಿ ಮೂರೂವರೆ ಲಕ್ಷದ ಹತ್ತಿರ. ಈಗ ತೋಟದ ಖಾತೆಗೆ ಇಬ್ಬರ ಸಹಿ, ಹತ್ತು ಸಾವಿರ ದಾಟಿದರೆ ಎರಡು ರಾತ್ರಿ ಕಾಯುವುದು. ಯುಪಿಐ ಐದು ಸಾವಿರದ ಸಣ್ಣ ಖಾತೆಗೆ ಮಾತ್ರ. ನನ್ನನ್ನು ತಡೆಯಲು ಹೆಂಡತಿ ಬಳಸುವ ಒಂದು ಪದವಿದೆ, ಅದನ್ನು ಬರೆಯುವುದಿಲ್ಲ.

ನಾನು ನುಂಗುವ ಮಾತ್ರೆ ಲಿಥಿಯಂ. ರಕ್ತದಲ್ಲಿ ಅದರ ಮಟ್ಟ ನೋಡುವ ಪರೀಕ್ಷೆಗೆ ರಕ್ತ ಕೊಡಬೇಕಾದದ್ದು ರಾತ್ರಿಯ ಮಾತ್ರೆಯಾಗಿ 12 ಗಂಟೆಗೆ. ಬೆಳಿಗ್ಗೆಯದನ್ನು ನುಂಗಿ ಹೋದರೆ ಮಟ್ಟ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಪರೀಕ್ಷೆಯ ದುಡ್ಡು ದಂಡ. ನನ್ನದು 0.7ರ ಆಸುಪಾಸು. ನಿದ್ದೆ ಸುಧಾರಿಸಲೆಂದು ಒಮ್ಮೆ ಆರು ಲೋಟ ಕಾಫಿಯನ್ನು ಒಂದೇ ದಿನಕ್ಕೆ ಬಿಟ್ಟು ನೋಡಿದೆ. ಕೈ ನಡುಕ ಹೆಚ್ಚಿತು, ಮಟ್ಟ 0.9. ಕೆಫೀನ್ ಲಿಥಿಯಂ ಅನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ, ನಿಲ್ಲಿಸಿದರೆ ಅದು ಮೈಯಲ್ಲೇ ಉಳಿಯುತ್ತದೆ. ಡಾಕ್ಟರಿಗೆ ಹೇಳಿ ನಿಧಾನಕ್ಕೆ ಇಳಿಸಿ ಈಗ ಬೆಳಿಗ್ಗೆ ಎರಡು ಲೋಟ. ಬೆನ್ನುನೋವಿಗೆ ಡೈಕ್ಲೋಫೆನಾಕ್ ಬೇಡ, ಅದೂ ಮಟ್ಟ ಏರಿಸುತ್ತದೆ. ವಾಂತಿ, ಭೇದಿ, ನಡಿಗೆಯಲ್ಲಿ ತೂರಾಟ ಮಟ್ಟ ಮಿತಿಮೀರಿದ ಸೂಚನೆಯಾಗಿರಬಹುದು, ಕಂಡರೆ ಮಾತ್ರೆ ತಡೆದು ಅದೇ ದಿನ ಮಡಿಕೇರಿ ಆಸ್ಪತ್ರೆಗೆ.

ಮರ ಬಿದ್ದು ರಸ್ತೆ ಮುಚ್ಚುವ ಊರು ನಮ್ಮದು. ಮೇ ತಿಂಗಳಲ್ಲೇ ಒಂದು ತಿಂಗಳ ಮಾತ್ರೆ ಹೆಚ್ಚು ತಂದಿಡುತ್ತೇವೆ, ಬೀರುವಿನ ಕೀಲಿ ಹೆಂಡತಿಯ ಬಳಿ.