ಆ ನಲ್ಲಿ ರಿಪೇರಿ ನನಗೆ ಎಷ್ಟಕ್ಕೆ ಬಿತ್ತು?

ನಲ್ಲಿ ತೊಟ್ಟಿಕ್ಕುತ್ತಿತ್ತು. ಪ್ಲಂಬರ್‌ಗೆ ಸುಮ್ನೆ ಯಾಕೆ ದುಡ್ಡು ಕೊಡೋದು ಅಂತ ಭಾನುವಾರ ನಾನೇ ಸ್ಪ್ಯಾನರ್ ಹಿಡಿದೆ. ಹಳೆ ವಾಷರ್ ತೆಗೆದೆ. ಹೊಸದು ಅಳತೆಗೆ ಕೂರಲಿಲ್ಲ. ಇನ್ನೊಂದು ತರಲು ಓಡಿದೆ. ಟೆಫ್ಲಾನ್ ಟೇಪ್ ಉಲ್ಟಾ ಸುತ್ತಿದ್ದೆ, ಬಿಚ್ಚಿ ಮತ್ತೆ ಸುತ್ತಿದೆ. ಬೆಳಿಗ್ಗೆ 10ಕ್ಕೆ ಶುರುವಾದದ್ದು ಮುಗಿದಾಗ ಮಧ್ಯಾಹ್ನ 3. ದುಡ್ಡು ಉಳಿಸಿದೆ ಅಂತ ಬೀಗುತ್ತಾ ಹೊರಗೆ ಬಂದರೆ, ಮಗಳು ಸೈಕಲ್ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಬ್ಯಾಲೆನ್ಸ್ ಕಲಿಸ್ತೀನಿ ಅಂತ ಮಾತು ಕೊಟ್ಟಿದ್ದು ಅದೇ ದಿನಕ್ಕೆ. "ಈಗ ಬೇಡ ಬಿಡಪ್ಪ" ಅಂದಳು.

ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದವನು ನಾನು. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಆಯ್ಕೆಗಳಲ್ಲಿ ಅತ್ಯುತ್ತಮವಾದದ್ದರ ಬೆಲೆಯೇ 'ಅವಕಾಶ ವೆಚ್ಚ' ಅಂತ ಬರೆದು ಮಾರ್ಕ್ಸೂ ತಗೊಂಡಿದ್ದೆ. ಆ ವಿಚಾರವನ್ನು ಬೆಳೆಸಿದ ಆಸ್ಟ್ರಿಯಾದ ಫ್ರೆಡ್ರಿಕ್ ಫಾನ್ ವೀಸರ್ ಹೆಸರೂ ಬಾಯಿಪಾಠವಾಗಿತ್ತು. ಬದುಕಿನಲ್ಲಿ ಅದು ಯಾವತ್ತೂ ನೆನಪಿಗೆ ಬರಲಿಲ್ಲ, ಅಷ್ಟೇ.

ಆ ರಾತ್ರಿ ಒಂದು ನೋಟ್‌ಬುಕ್‌ನಲ್ಲಿ ಎರಡು ಕಾಲಂ ಎಳೆದೆ. ಒಂದಕ್ಕೆ 'ಮಾಡಿದ್ದು', ಇನ್ನೊಂದಕ್ಕೆ 'ಬಿಟ್ಟದ್ದು'.

ಮೊದಮೊದಲು ಎರಡು ತಪ್ಪು ಮಾಡಿದೆ. ನಾನು ಗಂಟೆ ಲೆಕ್ಕದಲ್ಲಿ ಬೇರೆಯವರ ಲೆಕ್ಕಪತ್ರ ನೋಡಿಕೊಡುವವನು. ಹಾಗಾಗಿ ನಲ್ಲಿಯ 5 ಗಂಟೆಯನ್ನು ನನ್ನ ದರಕ್ಕೆ ಗುಣಿಸಿ 'ಇಷ್ಟು ನಷ್ಟ' ಅಂತ ಬರೆದೆ. ಆದರೆ ಭಾನುವಾರ ನಾನು ಕೆಲಸಕ್ಕೆ ಕೂರೋದೇ ಇಲ್ಲವಲ್ಲ! ಬರದೇ ಇದ್ದ ಸಂಪಾದನೆ ನಷ್ಟ ಹೇಗಾಗುತ್ತೆ? ಆ ಸಾಲು ಹೊಡೆದು ಹಾಕಿ 'ಸೈಕಲ್' ಅಂತ ಬರೆದೆ. ಇನ್ನೊಂದು ತಪ್ಪು, ಬಿಟ್ಟದ್ದನ್ನೆಲ್ಲ ಪಟ್ಟಿ ಮಾಡಿ ಕೂಡಿಸಿದ್ದು. ಓದು, ನಿದ್ದೆ, ಗೆಳೆಯನ ಮನೆ, ಸೈಕಲ್. ಒಂದೇ ಬೆಳಿಗ್ಗೆ ಇವೆಲ್ಲ ಹೇಗೂ ಆಗುತ್ತಿರಲಿಲ್ಲ. ಈಗ ಆ ಕಾಲಂನಲ್ಲಿ ಒಂದೇ ಹೆಸರು ಬರೆಯುತ್ತೇನೆ. 'ಬೇರೆ ಏನಾದರೂ' ಅಂತ ಬರೆದರೆ ಪ್ರಯೋಜನವಿಲ್ಲ, ಅದಕ್ಕೆ ಮನಸ್ಸು ಮಿಸುಕುವುದೇ ಇಲ್ಲ.

ಇದು ನನ್ನೊಬ್ಬನ ಮರೆವು ಅಲ್ಲ ಅಂತ ಆಮೇಲೆ ಗೊತ್ತಾಯಿತು. 2009ರಲ್ಲಿ ಶೇನ್ ಫ್ರೆಡ್ರಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವಿಡಿಯೊ ಕೊಳ್ಳುತ್ತೀರಾ ಅಂತ ಕೇಳಿದಾಗ ಶೇ. 75 ಮಂದಿ ಹೂಂ ಅಂದಿದ್ದರು. 'ಕೊಳ್ಳುವುದಿಲ್ಲ' ಅನ್ನುವುದರ ಮುಂದೆ 'ಆ ದುಡ್ಡು ಬೇರೆ ಖರೀದಿಗೆ ಉಳಿಯುತ್ತೆ' ಅಂತ ಸೇರಿಸಿದ್ದಕ್ಕೇ ಅದು ಶೇ. 55ಕ್ಕೆ ಇಳಿಯಿತು. ಎಲ್ಲರಿಗೂ ಗೊತ್ತಿರೋ ವಿಷಯವೇ, ಯಾರಾದರೂ ಹೇಳಬೇಕು ಅಷ್ಟೇ, ಅಲ್ವಾ?

ನೋಟ್‌ಬುಕ್ ಜಾಸ್ತಿ ಕೆಲಸಕ್ಕೆ ಬಂದದ್ದು ಒಂದು ಆನ್‌ಲೈನ್ ಕೋರ್ಸ್ ವಿಷಯದಲ್ಲಿ. ಪಾಠ ಸಪ್ಪೆ, ಆದರೂ ಫೀಸ್ ಕಟ್ಟಿಬಿಟ್ಟಿದ್ದೀನಲ್ಲ ಅಂತ ರಾತ್ರಿ ಕಣ್ಣುಜ್ಜಿಕೊಂಡು ನೋಡುತ್ತಿದ್ದೆ. ಮುಗಿಸಿದರೂ ಬಿಟ್ಟರೂ ಆ ಫೀಸ್ ವಾಪಸ್ ಬರಲ್ಲ. ಉಳಿದಿದ್ದ 30 ಗಂಟೆ ಮಾತ್ರ ಇನ್ನೂ ನನ್ನ ಕೈಯಲ್ಲಿತ್ತು. 'ಬಿಟ್ಟದ್ದು' ಕಾಲಂನಲ್ಲಿ 'ನಿದ್ದೆ' ಅಂತ ಬರೆದೆ, ಕೋರ್ಸ್ ಅಲ್ಲಿಗೇ ನಿಲ್ಲಿಸಿದೆ.

ಚಿಲ್ಲರೆ ವಿಷಯಕ್ಕೆಲ್ಲ ಈ ನೋಟ್‌ಬುಕ್ ತೆಗೆಯುವುದಿಲ್ಲ. ಯಾವ ಅಂಗಿ ಹಾಕೋದು ಅಂತ ಲೆಕ್ಕ ಹಾಕುತ್ತಾ ಕೂತರೆ ಆ ಯೋಚನೆಗೂ ಹೊತ್ತು ಬೇಕು. ಅರ್ಧ ದಿನಕ್ಕಿಂತ ಹೆಚ್ಚು ಹಿಡಿಯುವಂಥದ್ದಕ್ಕೆ ಮಾತ್ರ.

ಬರೆದೆ ಅಂತ ಯಾವಾಗಲೂ ಸರಿಯಾದದ್ದನ್ನೇ ಆರಿಸುತ್ತೇನೆ ಅಂತಲೂ ಅಲ್ಲ. ಮೊನ್ನೆ ಎರಡು ತಿಂಗಳ ಹೆಚ್ಚುವರಿ ಕೆಲಸ ಬಂತು. 'ಬಿಟ್ಟದ್ದು' ಕಾಲಂನಲ್ಲಿ 'ಈಜು ಕಲಿಯೋದು' ಅಂತ ಬರೆದೆ, ಸ್ವಲ್ಪ ಹೊತ್ತು ಅದನ್ನೇ ನೋಡಿದೆ, ಆಮೇಲೆ ಕೆಲಸಕ್ಕೆ ಒಪ್ಪಿಕೊಂಡೆ. ಈಜು ಇನ್ನೂ ಬರಲ್ಲ. ಮಗಳು ಸೈಕಲ್ ಕಲಿತಿದ್ದಾಳೆ. ಕಲಿಸಿದ್ದು ಅವಳ ಮಾವ.