ಮೇನ್ ಬ್ರಾಂಚಿಗೆ ಬೀಗ, ಕಮಿಟ್‌ಗೆ ಇಶ್ಯೂ ಕೊಂಡಿ

ಒಂದು ಸಲ ನಮ್ಮ ತಂಡದಲ್ಲಿ ಯಾರೋ ತಪ್ಪಿ ಮೇನ್‌ಗೆ (ಎಲ್ಲರ ಕೋಡ್ ಬಂದು ಸೇರುವ ಮುಖ್ಯ ಬ್ರಾಂಚ್) ಫೋರ್ಸ್ ಪುಶ್ ಮಾಡಿ (ಅಲ್ಲಿದ್ದುದರ ಮೇಲೆ ತಮ್ಮದನ್ನು ಬಲವಂತವಾಗಿ ಹೇರಿ), ಇಬ್ಬರು ಕೂತು ಬರೆದ ಕಮಿಟ್‌ಗಳೆಲ್ಲ, ಅಂದರೆ ದಾಖಲಿಸಿಟ್ಟ ಬದಲಾವಣೆಗಳೆಲ್ಲ, ಮಾಯವಾದವು. ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಹಳೇ ಕಾಪಿ ಇತ್ತು, ಬಚಾವಾದೆವು. ಅವತ್ತಿಂದ ಹೊಸ ರೆಪೊ (ಕೋಡ್ ಇಡುವ ಸಂಗ್ರಹ) ತೆರೆದ ತಕ್ಷಣ ನಾನು ಮಾಡುವ ಮೊದಲ ಕೆಲಸ ಮೇನ್‌ಗೆ ಬೀಗ ಹಾಕುವುದು, ಅಂದರೆ ಯಾರೂ ಅದನ್ನು ನೇರವಾಗಿ ಬದಲಿಸದಂತೆ ರೂಲ್ ಇಡುವುದು.

ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ರೆಪೊದ ಸೆಟ್ಟಿಂಗ್ಸ್‌ಗೆ ಹೋಗಿ, ಬ್ರಾಂಚಸ್ ಒತ್ತಿ, ಹೊಸ ಪ್ರೊಟೆಕ್ಷನ್ ರೂಲ್ ಸೇರಿಸಿ. ಪ್ರೈವೇಟ್ ರೆಪೊ ಆದರೆ ದುಡ್ಡು ಕೊಡುವ ಪ್ಲಾನ್ ಬೇಕು. ಪ್ಯಾಟರ್ನ್ ಜಾಗದಲ್ಲಿ ಬ್ರಾಂಚಿನ ಹೆಸರು ಹಾಕಿ, ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿ ಅನ್ನುವ ಕೋರಿಕೆ) ಇಲ್ಲದೆ ಮರ್ಜ್ (ಬ್ರಾಂಚಿಗೆ ಸೇರಿಸುವುದು) ಬೇಡ ಅನ್ನುವ ಆಯ್ಕೆಗೆ ಟಿಕ್ ಹಾಕಿ, ಅಪ್ರೂವಲ್ (ಇನ್ನೊಬ್ಬರ ಒಪ್ಪಿಗೆ) 1 ಇಡಿ. ರೂಲ್ ಬಂದರೆ ಸಾಕು, ಫೋರ್ಸ್ ಪುಶ್ ತಾನಾಗೇ ನಿಲ್ಲುತ್ತದೆ, ಬ್ರಾಂಚ್ ಅಳಿಸುವುದೂ ಆಗುವುದಿಲ್ಲ.

ಜಾಸ್ತಿ ಜನ ಬಿಟ್ಟುಬಿಡುವ ಟಿಕ್ ಒಂದಿದೆ: ಯಾರೂ ಈ ರೂಲ್ ಬೈಪಾಸ್ ಮಾಡುವುದು ಬೇಡ ಅನ್ನುವುದು. ಅದಿಲ್ಲದಿದ್ದರೆ ಅಡ್ಮಿನ್‌ಗಳಿಗೆ ಬೀಗ ತಾಗುವುದೇ ಇಲ್ಲ, ಅವಸರದಲ್ಲಿ ತಪ್ಪು ಮಾಡುವವರು ಅವರೂ ಆಗಬಹುದು ಅಲ್ವಾ? ಆದರೆ ರೆಪೊದಲ್ಲಿ ನೀವೊಬ್ಬರೇ ಇದ್ದರೆ ಅಪ್ರೂವಲ್ ಕೇಳಬೇಡಿ. ನಿಮ್ಮ ಪುಲ್ ರಿಕ್ವೆಸ್ಟನ್ನು ನೀವೇ ಅಪ್ರೂವ್ ಮಾಡಲು ಬರುವುದಿಲ್ಲ, ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಬೀಗ ಬಿದ್ದಿದೆಯಾ ಅಂತ ನೋಡಲು ಟರ್ಮಿನಲ್‌ನಿಂದ ಮೇನ್‌ಗೆ ನೇರ ಒಂದು ಚಿಕ್ಕ ಕಮಿಟ್ ಪುಶ್ ಮಾಡಿ. ‘ಪ್ರೊಟೆಕ್ಟೆಡ್ ಬ್ರಾಂಚ್ ಹುಕ್ ಡಿಕ್ಲೈನ್ಡ್’ ಅಂತ ಬೈದರೆ ಸರಿಯಾಗಿದೆ. ಇಂಥದೇ ಇನ್ನೊಂದು ತಾಣ ಗಿಟ್‌ಲ್ಯಾಬ್‌ನಲ್ಲಿ ಡೀಫಾಲ್ಟ್ ಬ್ರಾಂಚಿಗೆ (ರೆಪೊದ ಮುಖ್ಯ ಬ್ರಾಂಚ್) ಸಾಮಾನ್ಯವಾಗಿ ಮೊದಲೇ ಬೀಗ ಇರುತ್ತದೆ, ಯಾರು ಪುಶ್ ಮಾಡಬಹುದು, ಯಾರು ಮರ್ಜ್ ಮಾಡಬಹುದು ಅಂತ ಒಮ್ಮೆ ನೋಡಿಕೊಂಡರೆ ಸಾಕು.

ಇನ್ನು ಕೊಂಡಿ, ಅಂದರೆ ಕಮಿಟ್‌ನಲ್ಲಿ ಇಶ್ಯೂ (ಮಾಡಬೇಕಾದ ಕೆಲಸ ಅಥವಾ ದೋಷದ ದಾಖಲೆ) ನಂಬರ್ ಬರೆಯುವುದು. ಆರು ತಿಂಗಳಾದ ಮೇಲೆ ಈ ಸಾಲು ಯಾಕೆ ಬದಲಾಯಿತು ಅಂತ ಹುಡುಕುವಾಗ ಕಮಿಟ್‌ನಲ್ಲಿರುವ ಒಂದು ನಂಬರ್ ಗಂಟೆಗಟ್ಟಲೆ ಉಳಿಸುತ್ತದೆ. ಬರೀ #42 ಅಂದರೆ ಇಶ್ಯೂಗೆ ಲಿಂಕ್ ಆಗುತ್ತದೆ. ಪುಲ್ ರಿಕ್ವೆಸ್ಟ್ ವಿವರಣೆಯಲ್ಲಿ ಫಿಕ್ಸಸ್ #42 ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ, ಮರ್ಜ್ ಆದಾಗ ಇಶ್ಯೂ ತಾನೇ ಮುಚ್ಚಿಕೊಳ್ಳುತ್ತದೆ. ಡೀಫಾಲ್ಟ್ ಬ್ರಾಂಚಿಗೆ ಮರ್ಜ್ ಆದರೆ ಮಾತ್ರ, ನೆನಪಿರಲಿ. ಬೇರೆ ಬ್ರಾಂಚಿಗೆ ಕಳಿಸಿ, ಇಶ್ಯೂ ಮುಚ್ಚಲೇ ಇಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಬಹಳ.

ಇಶ್ಯೂಗಳು, ಅಂದರೆ ಟಿಕೆಟ್‌ಗಳು, ಜೀರಾದಂಥ (Jira, ಕೆಲಸಗಳ ಪಟ್ಟಿ ಇಡುವ ತಂತ್ರಾಂಶ) ಹೊರಗಿನ ಜಾಗದಲ್ಲಿದ್ದರೆ ಗಿಟ್‌ಹಬ್ ರೆಪೊದ ಸೆಟ್ಟಿಂಗ್ಸ್‌ನ ಆಟೋಲಿಂಕ್ ರೆಫರೆನ್ಸಸ್ (ಟಿಕೆಟ್ ನಂಬರನ್ನು ತಾನಾಗೇ ಲಿಂಕ್ ಮಾಡುವ ಆಯ್ಕೆ) ತೆರೆಯಿರಿ, ಇದಕ್ಕೂ ದುಡ್ಡಿನ ಪ್ಲಾನ್ ಬೇಕು. ಟಿಕೆಟ್ ನಂಬರಿನ ಮುಂದೆ ಬರುವ ಅಕ್ಷರಗಳನ್ನು ಪ್ರಿಫಿಕ್ಸ್ ಜಾಗದಲ್ಲಿ ಕೊಡಿ. ಕೆಳಗೆ ಟಿಕೆಟ್ ಪುಟದ ವಿಳಾಸ ಹಾಕಿ, ನಂಬರ್ ಕೂರಬೇಕಾದ ಕಡೆ ಗಿಟ್‌ಹಬ್ ತೋರಿಸಿರುವ ಗುರುತನ್ನು ಹಾಗೇ ಇಡಿ. ಒಂದು ಪ್ರಿಫಿಕ್ಸ್ ಇನ್ನೊಂದರ ಶುರುವಿನ ಭಾಗ ಆಗಿರಬಾರದು, ಆಗಿದ್ದರೆ ಒಪ್ಪುವುದಿಲ್ಲ. ಸೇವ್ ಆದ ಮೇಲೆ ಯಾವುದಾದರೂ ಇಶ್ಯೂನಲ್ಲಿ ನಿಜವಾದ ಟಿಕೆಟ್ ನಂಬರ್ ಹಾಕಿ ಕಾಮೆಂಟ್ ಬರೆದು, ಒತ್ತಿ ನೋಡಿ.